ಏಳನೆಯವಳು

ಕರಾರಿನಲ್ಲಿರುವುದು ಇಷ್ಟೇ:
ಎರಡು ವಾರ ಅವರದು, ನಾಲ್ಕು ವಾರ ನನ್ನದು.
ನನ್ನ ನಾಲ್ಕರಲ್ಲಿ ಲಿಸ್ಬನ್ನಿನ ಟ್ರಾಮು ಹತ್ತಿ ಕಿತ್ತಳೆ ಸುಲಿಯುತ್ತೇನೆ,
ಸಮರ್ಕಂದದ ಕಲ್ಲಂಗಡಿಯವನೊಡನೆ
ಇಬ್ಬರಿಗೂ ಬಾರದ ಭಾಷೆಯಲ್ಲಿ ಚೌಕಾಸಿ ಮಾಡುತ್ತೇನೆ.
ಅವರ ಎರಡರಲ್ಲಿ, ವಾಡ್ಸೊ.
ನಾರ್ವೆಯ ಭೂಪಟ ಮಡಿಸಿದರೆ ಮೊದಲು ಹರಿಯುವ ಮೂಲೆ.

ಓರ್ಹುಸ್‌ನ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ ಒಂದೇ ಕಿಟಕಿ ನನಗೆ.
ಒಂದು ಮಧ್ಯಾಹ್ನ ಸುಮ್ಮನೆ ಲೆಕ್ಕ ಹಾಕಿದೆ:
ಮೇಜಿನಾಚೆಗೆ ಟಿಶ್ಯೂ ಡಬ್ಬಿ ಸರಿಸಿದ್ದು ಹನ್ನೊಂದು ಸಾವಿರ ಸಲ.
ಮರುದಿನ ರಾಜೀನಾಮೆ.
ಸಹೋದ್ಯೋಗಿಗಳು ಕೇಕ್ ತಂದರು, ನನ್ನ ಮನಸ್ಸನ್ನು ಪರೀಕ್ಷಿಸುವ ಕಣ್ಣಲ್ಲಿ
ಒಬ್ಬೊಬ್ಬರೇ ತಬ್ಬಿಕೊಂಡರು.

ಬದಲಿ ವೈದ್ಯರ ಮನೆಯಲ್ಲಿ
ಯಾರೋ ಬಿಟ್ಟುಹೋದ ಅರ್ಧ ಶಾಂಪೂ, ಇನ್ನಾರದೋ ಏಲಕ್ಕಿ,
ಫ್ರಿಜ್ಜಿನ ಮೇಲೊಂದು ಚೀಟಿ: ಕಿಟಕಿ ಒದೆಯಬೇಕು, ಆಗ ಮುಚ್ಚುತ್ತದೆ.
ನನ್ನ ಡ್ಯಾನಿಷ್ ಇಲ್ಲಿನವರಿಗೆ
ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವಳ ಮಾತು.
"ಏನಂದಿರಿ?" ಅನ್ನುತ್ತಾರೆ ರೋಗಿಗಳು.
ಕೇಳಬೇಕಾದವಳು ನಾನು.

ಇಂಗ್ವಾಲ್ಡ್ ಅನ್ನೋಣ, ಹೆಸರು ಅದಲ್ಲ,
ಹಿಮ ಸರಿಸುವ ಲಾರಿಯ ಚಾಲಕ.
ಡಿಸೆಂಬರಿನ ಹಗಲು ಹನ್ನೆರಡಕ್ಕೆ, ಅಂದರೆ ಕತ್ತಲಲ್ಲಿ, ಬಂದ.
ಕೂರುವ ಮೊದಲೇ ಚೌಕುಳಿ ಹಾಳೆಯೊಂದನ್ನು ಮುಂದಿಟ್ಟ.
"ಓದಿ. ನೀವು ಏಳನೆಯವರು.
ಹೇಳಿ ಹೇಳಿ ಸವೆದುಹೋಗಿದೆ.
ಮೊದಮೊದಲು ಅಳು ಬರುತ್ತಿತ್ತು,
ಈಗ ನನಗೇ ಅದು ಪಕ್ಕದ ಮನೆಯವನ ಕಥೆ."
ಹಾಳೆಯ ನೆತ್ತಿಯಲ್ಲಿ ಆರು ಹೆಸರು, ಆರಕ್ಕೂ ಗೀಟು.
ಕೆಳಗೆ ಏನಿತ್ತೆಂದು ಹೇಳಲಾರೆ,
ಅಷ್ಟಾದರೂ ಕಸುಬಿನ ನಿಯತ್ತು ಉಳಿದಿದೆ.

ನಿದ್ದೆಯ ಬಗ್ಗೆ ಕೇಳಿದರೆ ರಸ್ತೆಯ ಬಗ್ಗೆ ಹೇಳಿದ:
ರಾತ್ರಿ ಮೂರಕ್ಕೆ ಫೋನು. ಗಾಳಿಗೆ ಗುಡ್ಡದ ದಾರಿಯ ಗೇಟು ಬಿದ್ದಿರುತ್ತೆ.
ಮುಂದೆ ನಾನು, ಹಿಂದೆ ಹದಿನೈದು ಕಾರು ಸಾಲಾಗಿ,
ನನ್ನ ಹಳದಿ ದೀಪ ಬಿಟ್ಟರೆ ಅವರಿಗೆ ಲೋಕವೇ ಇಲ್ಲ.
ಆಚೆ ಗೇಟಿಗೆ ಮುಟ್ಟಿಸುತ್ತೇನೆ.
ಒಬ್ಬನೂ ಕೈ ಬೀಸುವುದಿಲ್ಲ.

ನಾನು ಜಾಣೆ, ಥಟ್ಟನೆ ಎಳೆ ಹಿಡಿದೆ:
"ಹಾಗಾದರೆ ನಮ್ಮಿಬ್ಬರದೂ ಒಂದೇ ಕೆಲಸ."
ಅವನು ಟೋಪಿಯ ಅಂಚು ತಿರುಗಿಸುತ್ತ ಕೂತ.
"ಇಲ್ಲ. ನಾನು ಬೆಳಿಗ್ಗೆ ಅದೇ ರಸ್ತೆಗೆ ಬರುತ್ತೇನೆ."

ಅಪರಾಧಭಾವದಿಂದ ಟಿಕೇಟು ಹರಿದೆನೆಂದು ಬರೆದರೆ ಸುಳ್ಳಾಗುತ್ತದೆ.
ಹೋದೆ. ಜಂಜಿಬಾರಿನಲ್ಲಿ
ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಲವಂಗ.
ಒಬ್ಬ ಹೆಂಗಸು ಬರಿಗಾಲಲ್ಲಿ ಅದನ್ನು ಸರಿಸುತ್ತ ನಡೆದಳು,
ಮತ್ತೆ ಅದೇ ಸಾಲಿಗೆ ತಿರುಗಿ ಬಂದಳು.
ನಾನು ಬೇರೆ ಕಡೆ ನೋಡಿದೆ.

ಜನವರಿಯ ಕೊನೆಗೆ ವಾಡ್ಸೊದಲ್ಲಿ ಸೂರ್ಯ
ಫ್ಯೋರ್ಡಿನ ಮೇಲೆ ಒಂದಿಷ್ಟು ಇಣುಕಿ ಹೋಗುತ್ತಿದ್ದ,
ಅವನದೂ ಬದಲಿ ಡ್ಯೂಟಿಯೇ.
ಇಂಗ್ವಾಲ್ಡ್ ಬಂದ, ರೂಢಿಯಂತೆ ಹಾಳೆ ತೆಗೆದ.
ನಾನು ಮಡಿಕೆ ಬಿಚ್ಚದೆ ಹಿಂದಕ್ಕೆ ಕೊಟ್ಟೆ.
"ಓದಿಯಾಗಿದೆ. ಆಮೇಲಿನದು ಹೇಳಿ."

ಅವನಿಗೆ ಆಮೇಲಿನದು ಬರೆದಿಟ್ಟಿರಲಿಲ್ಲ.
ಹೀಟರು ಟಿಕ್ ಟಿಕ್ ಅಂದಿತು.
ನನ್ನ ಪೆನ್ಸಿಲು ತೆಗೆದುಕೊಂಡು ಆರು ಗೀಟುಗಳ ಕೆಳಗೆ
ನನ್ನ ಹೆಸರು ಬರೆದ, ಸೋಲ್ವೈ, ತಪ್ಪಾಗಿ.
ನಾನು ತಿದ್ದಲಿಲ್ಲ.

"ಎಲ್ಲಿಗೆ ಹೋಗಿದ್ದಿರಿ?"
ಹೇಳಿದೆ.
"ಅಲ್ಲಿ ರಸ್ತೆ ಹೇಗೆ?"
ವರ್ಷವಿಡೀ ತೆರೆದೇ ಇರುತ್ತೆ ಅಂದೆ.
ಆ ಊರನ್ನು ನಂಬಲು ಅವನಿಗೆ ತುಸು ಹೊತ್ತು ಹಿಡಿಯಿತು.
"ಮತ್ತೆ ರಾತ್ರಿ ಮೂರಕ್ಕೆ ಎದ್ದು,"
ಕೇಳಿದ, "ಅಲ್ಲಿಯವರು ಏನು ಮಾಡುತ್ತಾರೆ?"